ಬರಿಗಾಲಿನ ಅಳತೆ

ನಾವಿಬ್ಬರೂ ಸಂಜೆ ಕೈ ಹಿಡಿದು ನಡೆಯುತ್ತಿದ್ದೆವು ಎಂದು ಮೊದಲು ಬರೆದೆ. ಸುಳ್ಳು. ಭಾಂಡುಪ್‌ನ ನಮ್ಮ ರಸ್ತೆಯ ಫುಟ್‌ಪಾತಿನಲ್ಲಿ ಇಬ್ಬರು ಜೊತೆಯಾಗಿ ನಡೆಯುವಷ್ಟು ಜಾಗವೇ ಇಲ್ಲ. ಹೆಂಡತಿ ಮುಂದೆ, ನಾನು ಹತ್ತು ಹೆಜ್ಜೆ ಹಿಂದೆ. ತಿರುವಿನಲ್ಲಿ ಅವಳು ನಿಂತು ಕಾಯುತ್ತಿದ್ದಳು. ಮರದ ಕೆಳಗೆ ಎಂದು ಸೇರಿಸುವ ಆಸೆಯಾಗುತ್ತದೆ. ಅಲ್ಲಿರುವುದು ಹಾಲಿನ ಬೂತ್.

ಅವಳು ತೀರಿಕೊಂಡ ಮರುವರ್ಷ ಸ್ಟೇಷನ್ನಿನ ಮೆಟ್ಟಿಲಲ್ಲಿ ನನ್ನ ಬಲಮೊಣಕಾಲು ಸೋತಿತು. ಆಮೇಲೆ ಬಿಲ್ಡಿಂಗಿನ ಗೇಟು ದಾಟುವುದೇ ನಿಂತುಹೋಯಿತು. ಹಿಡಿದು ನಡೆಯಲು ಒಂದು ತೋಳಿರಲಿಲ್ಲ. ವ್ಯಾಯಾಮ ಮಾಡಿಸಲು ಬರುತ್ತಿದ್ದ ಫಿಸಿಯೋಥೆರಪಿಸ್ಟ್, ಮಂಗಳೂರು ಕಡೆಯವಳು, ಕೊನೆಯ ದಿನ ಹೇಳಿ ಹೋದಳು:

"ಅಂಕಲ್, ಒಂದು ಕೋಲು ಬೇಡ, ಒಂದ್ ಸೈಡ್ ವಾಲ್ತೀರಿ. ಎರಡು ತಗೊಳ್ಳಿ. ನಾರ್ಡಿಕ್ ವಾಕಿಂಗ್. ದೋನೋ ಹಾಥ್ ಬಿಜಿ, ಎರಡೂ ಕೈಗೆ ಕೆಲಸ!"

ಹಿಮದ ದೇಶಗಳಲ್ಲಿ ಹುಟ್ಟಿದ ನಡಿಗೆಯಂತೆ. ಕೋಲನ್ನು ಮುಂದೆ ಊರಿ ಅದರ ಮೇಲೆ ಭಾರ ಹಾಕುವುದಲ್ಲ, ಹಿಂದಕ್ಕೆ ಒತ್ತಿ ಮೈಯನ್ನು ಮುಂದೆ ತಳ್ಳುವುದು. ಅಂಗೈಗೆ ಕೈಗವಸಿನಂಥ ಪಟ್ಟಿ, ಡಾಂಬರು ರಸ್ತೆಗೆ ತುದಿಯಲ್ಲಿ ರಬ್ಬರು. ಕೋಲು ಊರಿ ನಿಂತಾಗ ಮೊಣಕೈ ಲಂಬಕೋನದಲ್ಲಿ ಮಡಚಬೇಕು. ಉದ್ದ ಆರಿಸುವ ಗುಟ್ಟು ಅಷ್ಟೇ.

ಆದರೆ ಆ ಅಳತೆ ಒಬ್ಬನಿಂದ ಆಗುವುದಿಲ್ಲ. ಟೇಪು ನೋಡಲು ಬಗ್ಗಿದರೆ ಮೊಣಕೈ ಇಳಿಯುತ್ತದೆ. ನೆಟ್ಟಗೆ ನಿಂತರೆ ಅಂಕಿ ಕಾಣುವುದಿಲ್ಲ. ಗೋಡೆಗೆ ಪೆನ್ಸಿಲಿನಿಂದ ಮೂರು ಗೆರೆ ಎಳೆದೆ. ಮೂರೂ ಬೇರೆಬೇರೆ. ಅವು ಇನ್ನೂ ಅಲ್ಲೇ ಇವೆ.

ನನ್ನ ಮೈಯ ಅಳತೆ ಬಲ್ಲವರು ಈ ಊರಲ್ಲಿ ಒಬ್ಬರೇ ಉಳಿದಿದ್ದರು: ಬೈಕುಲ್ಲಾದಲ್ಲಿ ಬಹಳ ವರ್ಷಗಳಿಂದ ನನ್ನ ಪ್ಯಾಂಟು ಹೊಲಿಯುತ್ತಿದ್ದ, ವಿಜಯಪುರದ ಟೈಲರ್ ಸಾಬರು. ಟ್ಯಾಕ್ಸಿ ಮಾಡಿಕೊಂಡು ಹೋದೆ. ಅವರ ಅಂಗಡಿಯ ನೆಲಕ್ಕೆ ಬಿಳಿ ಚಾದರ ಹಾಸಿರುತ್ತದೆ. ಎಂದಿನಂತೆ ಬೂಟು ಹೊಸ್ತಿಲಲ್ಲಿ ಬಿಟ್ಟೆ.

"ಪ್ಯಾಂಟಿಗಲ್ಲ, ಕೋಲಿಗೆ ಅಳತೆ ಬೇಕು ಮಾಸ್ಟರ್."

"ಯಾ ಅಲ್ಲಾ! ಇದೊಂದ ಬಾಕಿ ಇತ್ತ ನೋಡ್ರಿ ನಮ್ಮ ಧಂದೆದಾಗ. ಕೋಲಿಗೆ ಕಿಸೆ ಇಡಬೇಕೇನ್ರಿ?"

"ಕಿಸೆ ಬೇಡ ಮಾರಾಯ್ರೆ. ಬೇಗ ಹಿಡೀರಿ, ಕಾಲು ನೋಯ್ತದೆ."

"ಕೆಳಗ ನೋಡಬ್ಯಾಡ್ರಿ ಸಾಹೇಬ್ರ. ನೋಡಿದ್ರ ಭುಜ ಇಳೀತದ."

ಅವರು ನಗುತ್ತಿದ್ದರು ಎಂಬುದು ನನ್ನ ನೆನಪು. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡವರು ಹೇಗೆ ನಕ್ಕಾರು? ಮೊಣಕೈ ಹಿಡಿದು ಮಡಚಿ ಕೂರಿಸಿದ ಅವರ ಬೆರಳು ಮಾತ್ರ ನಿಜ. ಎಷ್ಟೋ ತಿಂಗಳಿಂದ ನನ್ನನ್ನು ಯಾರೂ ಮುಟ್ಟಿರಲಿಲ್ಲ.

ಘಾಟ್ಕೋಪರ್‌ನ ಅಂಗಡಿಯಲ್ಲಿ ಎರಡು ಬಗೆ ತೋರಿಸಿದರು: ಎಳೆದು ಉದ್ದ ಮಾಡುವವು, ಒಂದೇ ತುಂಡಿನವು. ತಿರುಪು ಸಡಿಲವಾದೀತೆಂಬ ಭಯಕ್ಕೆ ಒಂದೇ ತುಂಡಿನದನ್ನು ಆರಿಸಿದೆ. ಮರುದಿನ ಗೇಟಿನವರೆಗೆ ನಡೆದೆ. ವಾಚ್‌ಮನ್ ಕೇಳಿದ, "ಕ್ಯಾ ಅಂಕಲ್, ಬರಫ್ ಕಿಧರ್ ಹೈ?" ಹಿಮ ಎಲ್ಲಿದೆ ಎಂದು ಅವನ ತಮಾಷೆ. ಬೆನ್ನು ಮುಂದಕ್ಕೆ ಬಾಗುತ್ತಿತ್ತು, ಮೊಣಕಾಲು ಚುಚ್ಚುತ್ತಿತ್ತು. ಹಿಂತಿರುಗಿ ಬಂದು ಕೋಲುಗಳನ್ನು ಬಾಗಿಲ ಹಿಂದೆ ನಿಲ್ಲಿಸಿದೆ. ಇನ್ನು ಮನೆಯೊಳಗೇ ಎಂದುಕೊಂಡೆ.

ಕೆಲವು ದಿನ ಕಳೆದು ಬಾಗಿಲ ಬಳಿ ಬೂಟು ಒರೆಸುವಾಗ ಅದರ ದಪ್ಪ ಅಟ್ಟೆ ಕಣ್ಣಿಗೆ ಬಿತ್ತು. ಸಾಬರೂ ನಾನೂ ಬರಿಗಾಲಿಗೆ ಅಳೆದಿದ್ದೆವು! ಅಟ್ಟೆಯ ದಪ್ಪದಷ್ಟು ಕೋಲು ಗಿಡ್ಡವಾಗಿತ್ತು. ಅಳತೆ ಕೊಡಲು ಬೂಟು ತೊಟ್ಟು ನಿಲ್ಲುವ ಯೋಚನೆ ಅವರಿಗೂ ಬಂದಿರಲಿಲ್ಲ, ನನಗೂ ಬಂದಿರಲಿಲ್ಲ.

"ತಪ್ಪು ನಂದಲ್ರಿ, ನಿಮ್ಮ ಬೂಟಿಂದು," ಎಂದರು ಸಾಬರು ಫೋನಿನಲ್ಲಿ. ಮತ್ತೆ ಹೋದಾಗ ಫುಟ್‌ಪಾತಿಗೇ ಇಳಿದು ಬಂದು, ಮಂಡಿಯೂರಿ ನನ್ನ ಬೂಟಿನ ಪಕ್ಕ ಟೇಪು ಹಿಡಿದರು. ದಾರಿಹೋಕರು ಸುತ್ತಿ ಹೋದರು. ಮುಗಿದ ಮೇಲೂ ನಾನು ಕೈ ಮಡಚಿಕೊಂಡೇ ನಿಂತಿದ್ದೆ. "ಆತ್ರಿ, ಕೈ ಇಳಸ್ರಿ," ಎಂದರು.

ಅಂಗಡಿಯವರು ಕೋಲು ಬದಲಿಸಿ ಕೊಟ್ಟರು, ಒಂದು ಸೈಜು ದೊಡ್ಡದು.

ಆ ಸಂಜೆ ಗೇಟು ದಾಟಿದೆ. ಬೆನ್ನು ನೆಟ್ಟಗಿತ್ತು. ನಿಲ್ಲದೆ ನಡೆದೆ ಎಂದು ಬರೆಯಲಾರೆ; ಎರಡು ಸಲ ನಿಂತೆ, ಮೂರೂ ಇರಬಹುದು. ಹಾಲಿನ ಬೂತಿನ ಬಳಿ ಅವಳು ನಿಲ್ಲುತ್ತಿದ್ದ ಕಡೆ ನಿಂತು ಹಿಂದಿರುಗಿ ನೋಡಿದೆ. ನಾನು ಬರುತ್ತಿದ್ದ ರಸ್ತೆ ಅಲ್ಲಿಂದ ಪೂರ್ತಿ ಕಾಣುತ್ತದೆಂದು ನನಗೆ ಗೊತ್ತಿರಲಿಲ್ಲ. ಕಣ್ಣಿಗೆ ಬೆವರಿಳಿಯಿತು. ಒರೆಸೋಣವೆಂದರೆ ಎರಡು ಕೈಯೂ ಪಟ್ಟಿಯೊಳಗಿದ್ದವು.