ಹಬ್ಬದ ದಿನದ ಎರಡು ಗಂಟೆ

ಕೊಚ್ಚಿಯಲ್ಲಿ ನಾನು ಕೆಲಸ ಮಾಡುತ್ತಿದ್ದದ್ದು ಒಂದು ವಿಶ್ವವಿದ್ಯಾಲಯದ ಮೀನು ಸಂಶೋಧನಾ ಕೇಂದ್ರದಲ್ಲಿ. ಮುಖ್ಯ ಕಚೇರಿ ತಿರುವನಂತಪುರದಲ್ಲಿತ್ತು. ನಾನು ಮೈಸೂರಿನವಳು. ಗಂಡನಿಗೆ ಬ್ಯಾಂಕಿನಲ್ಲಿ ಕೊಚ್ಚಿಗೆ ವರ್ಗವಾಗಿತ್ತು, ನನಗೂ ಸೆಕ್ಷನ್ ಆಫೀಸರ್ ಹುದ್ದೆ ಸಿಕ್ಕಿತ್ತು. ಎರಡು ಸಾವಿರದ ದಶಕದ ಮಧ್ಯದ ಮಾತು.

ಕೇಂದ್ರದ ಹಿಂಬದಿಯ ಶೆಡ್ಡಿನಲ್ಲಿ ಸಿಮೆಂಟಿನ ತೊಟ್ಟಿಗಳಿದ್ದವು. ತೊಟ್ಟಿ ತುಂಬ ಕರಿಮೀನಿನ ಮರಿಗಳು. ಅವಕ್ಕೆ ಆಹಾರ ಹಾಕಿ, ನೀರು ಬದಲಿಸಿ, ಗಾಳಿಯ ಪಂಪು ನೋಡಿಕೊಳ್ಳುತ್ತಿದ್ದವರು ನಲವತ್ತೈದರ ಆಸುಪಾಸಿನ ಒಬ್ಬ ಹೆಂಗಸು. ಎಲ್ಲರೂ ಅವರನ್ನು ಚೇಚಿ ಎನ್ನುತ್ತಿದ್ದರು, ಅಂದರೆ ಅಕ್ಕ. ನಾನೂ ಹಾಗೇ ಕರೆದೆ.

ಚೇಚಿಗೆ ಗಂಟೆಯ ಲೆಕ್ಕದಲ್ಲಿ ಸಂಬಳ. ಕೆಲಸ ಮಾಡಿದ ಗಂಟೆಗೆ ಉಂಟು, ಮಾಡದ ಗಂಟೆಗೆ ಇಲ್ಲ. ಓಣಂಗೆ ಕೇಂದ್ರ ಮುಚ್ಚಿದರೆ ನಮಗೆಲ್ಲ ಸಂಬಳದ ಜೊತೆ ರಜೆ; ಅವರಿಗೆ ಬರಿಗೈಯ ರಜೆ. ನಾವು ಹೊಸ ಸೀರೆ ಉಟ್ಟು ಹೂವಿನ ರಂಗೋಲಿಯ ಸುತ್ತ ಫೋಟೋ ತೆಗೆಸಿಕೊಳ್ಳುತ್ತಿದ್ದ ತಿಂಗಳೇ ಅವರ ಮನೆಯಲ್ಲಿ ಕೈ ಬಿಗಿಹಿಡಿಯುವ ತಿಂಗಳು. ಇದು ನನಗೆ ಹೊಳೆದದ್ದು ಬಹಳ ತಡವಾಗಿ.

ಮೀನಿಗೆ ರಜೆ ಇಲ್ಲವಲ್ಲ. ನಾನು ಸೇರಿದ ವರ್ಷ, ಓಣಂನ ಮುಖ್ಯ ದಿನವಾದ ತಿರುವೋಣಂಗೆ ಯಾರು ಬರುತ್ತಾರೆ ಎಂಬ ಪ್ರಶ್ನೆ ಎದ್ದಾಗ ಎಲ್ಲರೂ ಮುಖ ತಿರುಗಿಸಿದರು. ನಾನು ಶೆಡ್ಡಿಗೆ ಹೋಗಿ, ನನ್ನ ಹರುಕು ಮಲಯಾಳದಲ್ಲಿ ಚೇಚಿಯನ್ನೇ ಕೇಳಿದೆ.

"ರಜೆಯ ದಿನ ದುಡ್ಡು ಕೊಡುವ ಹಾಗಿಲ್ಲ ಚೇಚಿ. ಆದರೆ ಬದಲಿ ರಜೆ ಕೊಡೋಣ. ಬೇಕಾದಾಗ ತಗೊಳ್ಳಿ, ಸಂಬಳ ಕಟ್ಟಾಗುವುದಿಲ್ಲ."

"ಖಂಡಿತವಾ ಮೇಡಂ?"

"ಖಂಡಿತ."

ಎಷ್ಟು ಸಲೀಸಾಗಿ ಹೇಳಿಬಿಟ್ಟೆ! ನಮಗೆಲ್ಲ ಆ ಸೌಲಭ್ಯವಿತ್ತು, ಹಾಗಾಗಿ ಅವರಿಗೂ ಇರುತ್ತದೆ ಎಂದುಕೊಂಡಿದ್ದೆ. ನಿಯಮದ ಪುಸ್ತಕ ನನ್ನ ಮೇಜಿನ ಮೇಲೇ ಇತ್ತು, ತೆರೆದು ನೋಡಲಿಲ್ಲ.

ಅಲ್ಲಿಂದ ಒಂದೂವರೆ ವರ್ಷ ಅವರು ಹಬ್ಬಗಳಿಗೆಲ್ಲ ಬಂದರು. ಕ್ರಿಸ್ಮಸ್ಸಿಗೆ ಬಂದರು, ಬಕ್ರೀದಿಗೆ ಬಂದರು, ವಿಷುವಿನ ಬೆಳಿಗ್ಗೆ ಮಕ್ಕಳಿಗೆ ಕಣಿಯ ಹಣ್ಣು-ಹೂವಿನ ತಟ್ಟೆ ತೋರಿಸಿ ನೇರ ಬಸ್ಸು ಹಿಡಿದರು. ಹಬ್ಬದ ದಿನ ಬಸ್ಸು ಕಡಿಮೆ. ಎಡಪ್ಪಳ್ಳಿಯಲ್ಲಿ ಇಳಿದು ಎರಡನೇ ಬಸ್ಸಿಗೆ ಕಾಯಬೇಕು. ಮಾರನೆಯ ದಿನ ನಾನು ತೊಂದರೆ ಆಯಿತೇ ಎಂದು ಕೇಳಿದರೆ, "ಸಾರಮಿಲ್ಲ ಮೇಡಂ" ಎನ್ನುತ್ತಿದ್ದರು. ಪರವಾಗಿಲ್ಲ ಎನ್ನುವುದಕ್ಕೆ ಅಲ್ಲಿಯ ಮಾತು ಅದು. ಹಾಗೆ ಹದಿನಾರು ದಿನಗಳು ಕೂಡಿದವು.

ಒಂದು ಫೆಬ್ರುವರಿಯಲ್ಲಿ ಚೇಚಿ ನನ್ನ ಮೇಜಿನ ಮುಂದೆ ಬಂದು ನಿಂತರು. ಅವರ ಗಂಡ ಬಣ್ಣ ಬಳಿಯುವ ಕೆಲಸದವರು, ಗೋಡೆಗೆ ಕಟ್ಟಿದ ಸಾರವೆಯಿಂದ ಬಿದ್ದು ಬೆನ್ನಿಗೆ ಪೆಟ್ಟಾಗಿತ್ತು. ತಿರುವನಂತಪುರದ ಉಳ್ಳೂರಿನ ಮೆಡಿಕಲ್ ಕಾಲೇಜಿನಲ್ಲಿ ಆಪರೇಷನ್ನಿಗೆ ದಿನ ಗೊತ್ತಾಗಿತ್ತು. ಜೊತೆಗೊಬ್ಬರು ಇರಲೇಬೇಕು.

"ನನ್ನ ರಜೆಗಳಲ್ಲಿ ಹನ್ನೆರಡು ಈಗ ಕೊಡಿ ಮೇಡಂ."

"ಹೋಗಿ ಬನ್ನಿ ಚೇಚಿ, ನಾನು ಬರೆದು ಕಳಿಸುತ್ತೇನೆ," ಎಂದೆ. ಅವರು ಆ ಸಂಜೆಯೇ ಹೊರಟರು.

ನಾಲ್ಕನೇ ದಿನ ಮುಖ್ಯ ಕಚೇರಿಯಿಂದ ಉತ್ತರ ಬಂತು. ಗಂಟೆ ಲೆಕ್ಕದ ನೌಕರರಿಗೆ ರಜೆಯೇ ಇಲ್ಲ. ರಜೆಯೇ ಇಲ್ಲದವರಿಗೆ ಬದಲಿ ರಜೆಯ ಪ್ರಶ್ನೆ ಉದ್ಭವಿಸುವುದಿಲ್ಲ. ಏಳು ದಿನ ಗೈರಾದರೆ ಅವರ ಜಾಗಕ್ಕೆ ಪಟ್ಟಿಯಲ್ಲಿನ ಮುಂದಿನವರನ್ನು ತೆಗೆದುಕೊಳ್ಳತಕ್ಕದ್ದು. ಕೊನೆಯ ಸಾಲು: ಇಂಥ ಭರವಸೆ ಕೊಟ್ಟವರು ಯಾರು?

ಆ ಕಾಗದವನ್ನು ಡ್ರಾಯರಿನಲ್ಲಿಟ್ಟು ಮನೆಗೆ ಹೋದೆ. ಚೇಚಿಯ ಪಕ್ಕದ ಮನೆಯವರ ಫೋನ್ ನಂಬರ್ ನನ್ನ ಹತ್ತಿರ ಇತ್ತು, ಅವರ ಮೂಲಕ ಸುದ್ದಿ ಮುಟ್ಟಿಸಬಹುದಿತ್ತು. ಧೈರ್ಯ ಬರಲಿಲ್ಲ. ಊಟಕ್ಕೆ ಕೂತಾಗ ಗಂಡ ಕೇಳಿದರು, "ಯಾಕೆ, ಏನಾಯ್ತು?"

ಹೇಳಿದೆ.

"ಕಾಗದದಲ್ಲಿ ಏನು ಬರೀತೀಯ? ನೀನೇ ಹೋಗಿ ಬಾ," ಅಂದರು.

ಬೆಳಗಿನ ರೈಲಿಗೆ ತಿರುವನಂತಪುರಕ್ಕೆ ಹೋದೆ. ಕೇಂದ್ರದ ಆಹಾರ ಹಾಕುವ ಪುಸ್ತಕವನ್ನೂ ಚೀಲದಲ್ಲಿ ಹಾಕಿಕೊಂಡಿದ್ದೆ. ಪ್ರತಿದಿನ ಯಾರು ಎಷ್ಟು ಗಂಟೆಗೆ ಬಂದರು, ಎಷ್ಟು ಗಂಟೆಗೆ ಹೋದರು ಎಂದು ಅದರಲ್ಲಿ ಬರೆದಿರುತ್ತದೆ. ಮುಖ್ಯ ಕಚೇರಿಯ ಡೆಪ್ಯುಟಿ ರಿಜಿಸ್ಟ್ರಾರ್ ನನ್ನ ಹೆಸರು ನೋಡಿ ತಲೆಯೆತ್ತಿದರು. ಕಾಸರಗೋಡಿನವರು, ಕನ್ನಡ ಶಾಲೆಯಲ್ಲಿ ಓದಿದವರು.

"ಕೂತ್ಕೊಳ್ಳಿ. ಇದೆಂತ ಮಾಡಿ ಹಾಕಿದ್ದೀರಿ ಮಾರಾಯ್ರೆ? ಯಾರು ಹೇಳಿದ್ದು ಅವರಿಗೆ ರಜೆ ಉಂಟೂಂತ?"

"ನಾನೇ ಸಾರ್."

ಅವರು ಪೆನ್ನು ಕೆಳಗಿಟ್ಟರು. ಬೇರೆ ಯಾರ ಮೇಲಾದರೂ ಹೊರಿಸುತ್ತೇನೆ ಎಂದುಕೊಂಡಿದ್ದರೋ ಏನೋ.

"ಅದನ್ನು ಬರವಣಿಗೆಯಲ್ಲಿ ಕೊಡ್ತೀರಾ? ನಿಮಗೆ ಮೆಮೊ ಬರ್ತದೆ, ಮತ್ತೆ ನನ್ನನ್ನು ಬೈಬಾರ್ದು."

"ಕೊಡ್ತೀನಿ. ಆದರೆ ಅವರು ಬಂದಿದ್ದು ಸುಳ್ಳಲ್ಲ ಸಾರ್. ಪುಸ್ತಕದಲ್ಲಿ ಸಹಿ ಇದೆ."

"ಮೀನು ಸತ್ತಿಲ್ಲ ಅಲ್ವಾ? ಅದಕ್ಕಿಂತ ದೊಡ್ಡ ಸಾಕ್ಷಿ ಎಂತದು ಬೇಕು," ಎಂದು ಪುಸ್ತಕ ಎಳೆದುಕೊಂಡರು. "ನೋಡಿ, ರಜೆ ಅಂತ ಬರೆದ್ರೆ ಹಣಕಾಸಿನವರು ಒಪ್ಪುದಿಲ್ಲ. ಗಂಟೆ ಅಂತ ಬರೀರಿ. ಆ ದಿನ ಮಾಡಿದ ಗಂಟೆಯನ್ನು ಈ ದಿನಕ್ಕೆ ಹೊಂದಿಸಿದ್ದು, ಅಷ್ಟೆ."

ನನಗೆ ಹೋದ ಜೀವ ಬಂದಂತಾಯಿತು. ಅವರು ಬೆರಳಿಟ್ಟು ಪುಟಗಳನ್ನು ತಿರುವಿದರು. ಒಂಬತ್ತಕ್ಕೆ ಬಂದು ಹನ್ನೊಂದಕ್ಕೆ ಹೋದದ್ದು. ಇನ್ನೊಂದು ಹಬ್ಬಕ್ಕೂ ಒಂಬತ್ತರಿಂದ ಹನ್ನೊಂದು. ಎಲ್ಲ ಹದಿನಾರೂ ಹಾಗೆಯೇ. ಹದಿನಾರು ಹಬ್ಬಗಳು ಮೂವತ್ತೆರಡು ಗಂಟೆಗಳಾದವು, ಮೂವತ್ತೆರಡು ಗಂಟೆಗಳು ದಿನಕ್ಕೆ ಎಂಟರಂತೆ ನಾಲ್ಕು ದಿನಗಳಾದವು. ನಾನು ಸಾಕ್ಷಿ ಎಂದು ಹೊತ್ತು ತಂದ ಪುಸ್ತಕವೇ ಹದಿನಾರರಲ್ಲಿ ಹನ್ನೆರಡು ದಿನವನ್ನು ನುಂಗಿತು.

"ಸಾರ್, ಆ ಎರಡು ಗಂಟೆಗೆ ಅವರ ಇಡೀ ಬೆಳಿಗ್ಗೆ ಹೋಗ್ತಿತ್ತು."

"ಗೊತ್ತುಂಟು. ಆದ್ರೆ ನನ್ನ ಕೈಲಿ ಇಷ್ಟೇ ಇರುದು. ಉಳಿದ ದಿನಕ್ಕೆ ಸಂಬಳ ಇಲ್ಲ, ಜಾಗ ಹೋಗುದಿಲ್ಲ. ಅದನ್ನು ನಾನು ನೋಡಿಕೊಳ್ತೇನೆ."

ಅಲ್ಲಿಂದ ಬಸ್ಸಿನಲ್ಲಿ ಉಳ್ಳೂರಿಗೆ ಹೋದೆ. ಚೇಚಿ ವಾರ್ಡಿನ ಹೊರಗೆ, ನೆಲದ ಮೇಲೆ ಚಾಪೆ ಹಾಸಿ ಕೂತಿದ್ದರು. ಪಕ್ಕದಲ್ಲಿ ಗಂಜಿಯ ಪಾತ್ರೆ, ಫ್ಲಾಸ್ಕು. ಆಪರೇಷನ್ ಹಿಂದಿನ ದಿನ ಆಗಿತ್ತು, ಗಂಡ ಕಾಲ್ಬೆರಳು ಆಡಿಸುತ್ತಿದ್ದರು. ನನ್ನನ್ನು ಕಂಡು ಸಂತೋಷದಿಂದ ಎದ್ದು ಬಂದವರಿಗೆ ನಾನು ನಿಂತೇ ಎಲ್ಲವನ್ನೂ ಹೇಳಿದೆ.

ಅವರು ಕೇಳಿಸಿಕೊಂಡರು. ಸಾರಮಿಲ್ಲ ಎನ್ನಲಿಲ್ಲ.

"ಬಸ್ಸಿಗೆ ಕಾದ ಹೊತ್ತು ಯಾರದು ಮೇಡಂ?"

ನಾನು ಚೀಲವನ್ನು ನೆಲಕ್ಕಿಟ್ಟೆ.

"ಮಗಳು ಬೈದಳು, ಇಷ್ಟು ಹಬ್ಬ ಬಿಟ್ಟು ಯಾಕೆ ಹೋಗುತ್ತೀಯ ಅಂತ. ರಜೆ ಕೂಡಿ ಬರುತ್ತಿದೆ, ಒಂದು ದಿನ ಬೇಕಾಗುತ್ತದೆ ಅಂದಿದ್ದೆ. ನಾನು ನಿಮ್ಮ ಮಾತನ್ನು ನಂಬಿದೆ."

"ತಪ್ಪು ನನ್ನದು ಚೇಚಿ."

"ನಿಮ್ಮದೇ," ಎಂದರು. ದನಿ ಏರಲಿಲ್ಲ. ಆಮೇಲೆ ಫ್ಲಾಸ್ಕಿನಿಂದ ಕಟ್ಟನ್ ಚಹಾ ಬಗ್ಗಿಸಿ ನನಗೂ ಒಂದು ಲೋಟ ಕೊಟ್ಟರು. ತೆಗೆದುಕೊಂಡೆ. ಹಾಲಿಲ್ಲದ ಆ ಚಹಾ ಕುಡಿಯುತ್ತ ಇಬ್ಬರೂ ಚಾಪೆಯ ಮೇಲೆ ಕೂತೆವು.

ಮೆಮೊ ಬಂತು. ತಪ್ಪೊಪ್ಪಿಕೊಂಡು ಉತ್ತರ ಬರೆದೆ. ಆ ವರ್ಷದ ವಿಷುವಿಗೆ ಮೀನಿಗೆ ಆಹಾರ ಹಾಕಲು ನಾನೇ ಹೋದೆ, ಬೇಕೆಂದೇ ಚೇಚಿಯ ಊರಿನ ಕಡೆಯಿಂದ ಬಸ್ಸಿನಲ್ಲಿ. ಬೆಳಿಗ್ಗೆ ಏಳಕ್ಕೆ ಹೊರಟವಳು ಮನೆ ಸೇರಿದಾಗ ಒಂದೂವರೆ. ಎಡಪ್ಪಳ್ಳಿಯ ಬಿಸಿಲಿನಲ್ಲಿ ನಿಂತದ್ದೇ ಮುಕ್ಕಾಲು ಗಂಟೆ. ಅದನ್ನೆಲ್ಲ ಹಾಗೆಯೇ ಬರೆದು, ರಜೆಯ ದಿನ ಕರೆಸಿದರೆ ಕಡಿಮೆಯೆಂದರೂ ಅರ್ಧ ದಿನದ ಗಂಟೆಗಳನ್ನು ಕೊಡಬೇಕು, ಕರೆಸುವ ಮೊದಲೇ ಲಿಖಿತವಾಗಿ ತಿಳಿಸಬೇಕು ಎಂದು ಟಿಪ್ಪಣಿ ಕಳಿಸಿದೆ. ಅದು ಮೂರು ಸಲ ಪ್ರಶ್ನೆ ಹೊತ್ತು ಹಿಂದೆ ಬಂತು, ಮೂರು ಸಲ ಉತ್ತರ ಹೊತ್ತು ಹೋಯಿತು. ಕಾಸರಗೋಡಿನವರು ಫೋನಿನಲ್ಲಿ "ಬಿಡಬೇಡಿ" ಎನ್ನುತ್ತಿದ್ದರು. ವರ್ಷ ಕಳೆದ ಮೇಲೆ ಆದೇಶವಾಯಿತು. ಹಿಂದಿನ ದಿನಗಳಿಗೆ ಅನ್ವಯಿಸುವುದಿಲ್ಲ ಎಂದು ಅದರಲ್ಲೇ ಸ್ಪಷ್ಟವಾಗಿ ಬರೆದಿತ್ತು. ಚೇಚಿಯ ಹನ್ನೆರಡು ದಿನ ಹೋದದ್ದು ಹೋಯಿತು.

ಅವರ ಗಂಡ ನಿಧಾನವಾಗಿ ನಡೆಯುವಂತಾದರು. ಏಣಿ ಹತ್ತುವುದನ್ನು ಬಿಟ್ಟು ಒಂದು ಬಣ್ಣದ ಅಂಗಡಿಯಲ್ಲಿ ಕೂತರು. ಚೇಚಿ ನನ್ನ ಜೊತೆ ಮೊದಲಿನಂತೆ ಹರಟಲು ಆರೆಂಟು ತಿಂಗಳು ಬೇಕಾಯಿತು. ಅದು ನ್ಯಾಯವೇ ಅನ್ನಿಸಿತ್ತು ನನಗೆ.

ಆದೇಶ ಬಂದ ವರ್ಷದ ಕ್ರಿಸ್ಮಸ್ಸಿಗೆ ಲಿಖಿತ ಕಾಗದ ಹಿಡಿದು ಶೆಡ್ಡಿಗೆ ಹೋದೆ. ಚೇಚಿ ಕೈ ಒರೆಸಿಕೊಂಡು ಓದಿದರು, ನಿಧಾನವಾಗಿ, ಎರಡು ಸಲ.

"ಬರದಿದ್ದರೆ ನಡೆಯುತ್ತದಾ ಮೇಡಂ?"

"ನಡೆಯುತ್ತದೆ ಚೇಚಿ. ಬಲವಂತ ಇಲ್ಲ."

"ಹಾಗಾದರೆ ಈ ಸಲ ನಾನಿಲ್ಲ. ಮಗಳನ್ನು ನೋಡಲು ಗಂಡಿನ ಕಡೆಯವರು ಬರುತ್ತಿದ್ದಾರೆ," ಎಂದು ಕಾಗದವನ್ನು ನನ್ನ ಕೈಗೆ ಕೊಟ್ಟರು.

ಆಗಲಿ ಎಂದೆ. ಬೇರೆಯವರನ್ನು ಹುಡುಕುವುದು ನನ್ನ ಕೆಲಸವಾಗಿತ್ತು.