ತರೀಕೆರೆ ಗುಜರಿಯಿಂದ ಬಂದ ಟೂಲ್ ಬಾಕ್ಸು

ಏನ್ರೋ, ಕಂಡವರ ಕಾಫಿ ಲೋಟಕ್ಕೆಲ್ಲ ಲೈಕ್ ಒತ್ತುತ್ತೀರಿ, ಅಜ್ಜಿ ಬರೆದರೆ ಮಾತ್ರ ಕಣ್ಣು ಕಾಣುವುದಿಲ್ಲವೋ? ಓದಿ.

ಮೊಮ್ಮಗ ಲೋಕೇಶನದು ಅಜ್ಜಂಪುರದಲ್ಲಿ ಬೈಕ್ ರಿಪೇರಿ ಅಂಗಡಿ. ಹೊಸ ಸ್ಪ್ಯಾನರ್ ಸೆಟ್ಟಿನ ಬೆಲೆಗೆ ಹೆದರಿ, ತೀರಿಕೊಂಡ ಎಡಚ ಮೆಕ್ಯಾನಿಕ್ ಒಬ್ಬನ ಟೂಲ್ ಬಾಕ್ಸನ್ನು ತರೀಕೆರೆ ಗುಜರಿಯಿಂದ ತಂದ. ಸತ್ತವನ ಕೈಸಾಮಾನನ್ನು ಅವನ ಮನೆಯವರ ಕೈಯಿಂದ ಎಲೆ ಅಡಿಕೆ ಸಮೇತ ಪಡೆಯಬೇಕು ಎಂದಿದ್ದೆ, ಕೇಳಲಿಲ್ಲ.

ನಿನ್ನೆ ಅಂಗಡಿಗೆ ಬೀಗ ಹಾಕಿ ಕಡೂರಿನ ಷೋರೂಮಿಗೆ ಕೆಲಸ ಕೇಳಲು ಹೋಗಿದ್ದ. ಇಂದು ಬೆಳಿಗ್ಗೆ ನಾನೂ ಅಂಗಡಿಯಲ್ಲಿದ್ದಾಗ ಹಾಲಿನವನು ಬಂದು, "ನಿನ್ನೆ ಇಲ್ಲಿ ನನ್ ಬೈಕಿನ ಬ್ರೇಕ್ ಚೆನ್ನಾಗಿ ಮಾಡ್ಕೊಟ್ರು ಕಣಪ್ಪ. ಎಲ್ಲಿ ಆ ಎಡಗೈ ಯಜಮಾನ್ರು?" ಎಂದ.

ಲೋಕೇಶ ಬಾಕ್ಸು ತೆಗೆದ. ಸ್ಪ್ಯಾನರಿಗೆ ಹಸಿ ಗ್ರೀಸು ಮೆತ್ತಿತ್ತು.

"ಅಜ್ಜೀ, ಸಂಬಳ ಕಮ್ಮಿಯಾದ್ರೂ ಷೋರೂಮಿಗೇ ಹೋಗ್ತೀನಿ. ಅಲ್ಲಿ ಟೂಲ್ಸು ಅವ್ರೇ ಕೊಡ್ತಾರೆ."

"ಸಂಬಳ ಕೇಳ್ದೆ ದುಡಿಯೋನು ಸಿಕ್ಕವ್ನೆ, ಅಂಗಡಿ ಮುಚ್ಚಿ ಓಡ್ತೀಯೇನ್ಲಾ?" ಎಂದೆ. ಬಾಯಿ ಜೋರಿತ್ತು, ಆದರೆ ಬಾಕ್ಸಿನಿಂದ ನಾಲ್ಕು ಹೆಜ್ಜೆ ದೂರವೇ ನಿಂತಿದ್ದೆ.

ಮುಂದಿನ ತಿಂಗಳು ಅವನು ಷೋರೂಮಿಗೆ ಸೇರಿದರೆ ಅಂಗಡಿ ಹೋದಂತೆಯೇ. ತರೀಕೆರೆಯವರೇ, ಆ ಎಡಚ ಮೆಕ್ಯಾನಿಕ್ಕನ ಹೆಂಡತಿಯ ಮನೆ ಎಲ್ಲಿ? ಬಾಕ್ಸನ್ನು ಆಕೆಯ ಕೈಯಿಂದ ಎಲೆ ಅಡಿಕೆ ಸಮೇತ ಪಡೆದು ಬರಬೇಕು. ತಿಂಗಳು ಮುಗಿಯುವುದರೊಳಗೆ ಉತ್ತರ ಬರೆಯಿರಿ. ಬರೀ ಕೈಮುಗಿಯುವ ಗೊಂಬೆ ಹಾಕಿದವರ ಮನೆಗೆ ಬಾಕ್ಸನ್ನೇ ಕಳಿಸುತ್ತೇನೆ.