ಅಲೆ ಒಡೆಯುವಲ್ಲಿ ಒಂದು ನಿಮಿಷ

ಎಡ್ಮಂಡ್ ಮಾಸ್ತರರು ಮನೆಗೇ ಬಂದು ರೂಪಕದ ಕರಪತ್ರ ಓದಿ ಹೇಳಿದಾಗ ಕುಶಲಾಳ ಕಣ್ಣು ಮೊದಲು ತುಂಬಿ ಬಂತು. ಅವಳ ಗಂಡ ಉಮಾನಾಥನ ಹೆಸರು ಅಚ್ಚಿನಲ್ಲಿ ಬಂದದ್ದು ಅದೇ ಮೊದಲು. ಆದರೆ ಮುಂದಿನ ಸಾಲುಗಳನ್ನು ಕೇಳಿದ ಮೇಲೆ ಅವಳು ಕಣ್ಣೊರೆಸಿಕೊಂಡು ಇನ್ನೊಮ್ಮೆ ಓದಿಸಿದಳು.

‘ದೋಣಿಗಳು ಉಮಾನಾಥ ನಿಲ್ಲುತ್ತಿದ್ದ ಜಾಗದ ಎದುರು ಹುಟ್ಟುಗಳನ್ನು ಮೇಲೆತ್ತಿ ಒಂದು ನಿಮಿಷ ನಿಲ್ಲುತ್ತವೆ. ರಾಜನ ವೇಷಧಾರಿ ನೀರಿಗೆ ಹೂಮಾಲೆ ಬಿಡುತ್ತಾರೆ. ಗೌರವಾರ್ಥವಾಗಿ ಆ ಜಾಗವನ್ನು ಈ ವರ್ಷ ಖಾಲಿ ಇಡಲಾಗುವುದು.’

ಕಾಪುವಿನ ಕಡಲ ಬದಿಯಲ್ಲಿ ಪ್ರತಿ ವರ್ಷ ಮೇ ತಿಂಗಳ ರಜೆಯಲ್ಲಿ ಊರವರು ಆಡುತ್ತಿದ್ದ ರೂಪಕ ಅದು. ಹಿಂದೊಮ್ಮೆ ಪರದೇಶದ ಹಡಗುಗಳು ಇಲ್ಲಿಯ ಕೋಟೆಗೆ ಮುತ್ತಿಗೆ ಹಾಕಿದಾಗ, ರಾಜ ಎರಡು ದೋಣಿ ತುಂಬ ಅಕ್ಕಿ ತಂದು ಜನರನ್ನು ಉಳಿಸಿದನಂತೆ. ಆ ಕಥೆಯನ್ನು ನಿಜವಾದ ದೋಣಿಗಳಲ್ಲೇ ಆಡಿಸಬೇಕೆಂದು ಮಾಸ್ತರರು ೧೯೫೩ರಲ್ಲಿ ಹೊರಟರು. ರಾಜ, ಮಂತ್ರಿ, ಸೈನಿಕರು ಎಲ್ಲರೂ ಅಂಗಡಿಯವರು, ಗುಮಾಸ್ತರು, ಶಾಲೆಯವರು. ಅರ್ಧ ಜನಕ್ಕೆ ಈಜು ಬರುತ್ತಿರಲಿಲ್ಲ.

ಅವರನ್ನು ದಡ ಸೇರಿಸುವ ಕೆಲಸ ಉಮಾನಾಥನದ್ದು. ದಡದಿಂದ ಎಳೆಯುವ ಕೈರಂಪಣಿ ಬಲೆಯಲ್ಲಿ ಮೀನು ಹಿಡಿದು ಬದುಕಿದವನು, ಮಾತು ಕಡಿಮೆ. ಅಲೆ ಒಡೆಯುವ ಕಡೆ ಸೊಂಟದವರೆಗಿನ ನೀರಿನಲ್ಲಿ ಜನರಿಗೆ ಬೆನ್ನು ಹಾಕಿ ನಿಲ್ಲುತ್ತಿದ್ದ. ದೊಡ್ಡ ಅಲೆಗಳು ಮೂರೋ ನಾಲ್ಕೋ ಒಟ್ಟಿಗೆ ಬಂದು ಹೋದ ಮೇಲೆ ಕಡಲು ಸ್ವಲ್ಪ ಹೊತ್ತು ಸುಮ್ಮನಾಗುತ್ತದೆ. ಆ ಹೊತ್ತು ನೋಡಿ ತಲೆಯ ಬಿಳಿ ಮುಂಡಾಸನ್ನು ಬಿಚ್ಚಿ ಬೀಸುತ್ತಿದ್ದ. ಬೀಸಿದ ಕೂಡಲೇ ದೋಣಿ ಬರಬೇಕು, ನಡುವೆ ನಿಲ್ಲಬಾರದು; ನಿಂತರೆ ಮುಂದಿನ ಅಲೆ ಅದನ್ನು ಮಗುಚಬಹುದು. ಒಂದು ವರ್ಷ ಅತಿಥಿಗಳು ಬಿಸಿಲಲ್ಲಿ ಕುಳಿತು ಗೊಣಗುತ್ತಿದ್ದರೂ ಅವನು ಅರ್ಧ ಗಂಟೆ ಮುಂಡಾಸು ಬಿಚ್ಚಲೇ ಇಲ್ಲ. ಹದಿಮೂರು ವರ್ಷದಲ್ಲಿ ಒಬ್ಬನ ಕಿರೀಟವೂ ನೀರಿಗೆ ಬಿದ್ದಿರಲಿಲ್ಲ. ಪತ್ರಿಕೆಯಲ್ಲಿ ಚಿತ್ರ ಬಂದಾಗಲೆಲ್ಲ ಅವನ ಬೆನ್ನು ಮಾತ್ರ, ಅದೂ ಮೂಲೆಯಲ್ಲಿ. ಕಳೆದ ದೀಪಾವಳಿಯ ಹೊತ್ತಿಗೆ ಕಾಮಾಲೆ ಬಂದು ತೀರಿಹೋದ.

“ಅಲ್ಲಿ ನಿಲ್ಲಿಸ್ಲಿಕ್ಕೆ ಆಗುದಿಲ್ಲ ಮಾಸ್ತರೇ,” ಎಂದಳು ಕುಶಲಾ.

“ಒಂದೇ ನಿಮಿಷ ಅಲ್ವಾ ಕುಶಲಕ್ಕ? ಉಡುಪಿಯಿಂದ ದೊಡ್ಡವರೆಲ್ಲ ಬರ್ತಾರೆ. ಉಮಾನಾಥನಿಗೆ ಇಷ್ಟಾದರೂ ಮಾಡದಿದ್ದರೆ ನಾವು ಮನುಷ್ಯರಾ?” ಅಷ್ಟು ಪ್ರೀತಿಯಿಂದ ಬಂದ ಮಾಸ್ತರರಿಗೆ ಅವಳು ಬೆಲ್ಲ ನೀರು ಕೊಟ್ಟು ಕಳಿಸಿದಳು.

ಎರಡು ದೋಣಿಗಳಲ್ಲಿ ಮುಂದಿನದರ ಚುಕ್ಕಾಣಿ ಅವಳ ತಮ್ಮ ಶೇಖರನದ್ದು. ಅವನಲ್ಲಿ ಹೇಳಿದಳು.

“ನನಗೂ ಗೊತ್ತುಂಟು ಅಕ್ಕ. ಆದರೆ ಭಾವನ ಮರ್ಯಾದೆಗೆ ಮಾಡುವಾಗ ನಾನೇ ಬೇಡ ಅಂದರೆ ಜನ ಎಂತ ಹೇಳ್ತಾರೆ? ಕಡಲು ಆ ದಿನ ಒಳ್ಳೆಯದಿರಬಹುದು.”

ಆಮೇಲಿನ ಎಂಟು ದಿನ ಮೀನಿನ ಬುಟ್ಟಿ ಹೊತ್ತು ಮನೆಮನೆಗೆ ಹೋಗುವಾಗಲೂ ಅವಳ ಕಿವಿ ಕಡಲಿನ ಕಡೆಗೇ. ಸದ್ದು ದಿನದಿಂದ ದಿನಕ್ಕೆ ದಪ್ಪವಾಗುತ್ತಿತ್ತು. ಮಳೆ ದೂರವಿದ್ದರೂ ತೆಂಕಣ ಗಾಳಿ ಶುರುವಾಗಿತ್ತು. ಚಿಲ್ಲರೆ ಕೊಡುವುದನ್ನು ಮರೆತಳು, ಅನ್ನ ಸೇರಲಿಲ್ಲ. ಗಂಡನ ಹೆಸರು ಹೇಳಿ ಇಪ್ಪತ್ತು ಜನ ನೀರಿಗೆ ಬಿದ್ದರೆ, ಆ ಹೆಸರನ್ನು ಮತ್ತೆ ಯಾರಾದರೂ ಬಾಯಲ್ಲಿ ತೆಗೆಯುತ್ತಾರೆಯೇ ಎಂದು ಯೋಚಿಸಿ, ಆ ಹೊತ್ತಿನಲ್ಲೂ ಹೆಸರಿನ ಚಿಂತೆ ಬಂದದ್ದಕ್ಕೆ ತನ್ನ ಮೇಲೆಯೇ ಸಿಟ್ಟಾದಳು.

ರೂಪಕದ ದಿನ ಅವಳನ್ನು ಮೊದಲ ಸಾಲಿನ ಕುರ್ಚಿಯಲ್ಲಿ ಕೂರಿಸಿದರು. ಜೀವನದಲ್ಲಿ ಅಂಥ ಕುರ್ಚಿಯಲ್ಲಿ ಕೂತವಳಲ್ಲ. ಭಾಷಣಗಳಾದವು. ದೀಪಸ್ತಂಭದ ಬಂಡೆಯ ಮರೆಯಿಂದ ಎರಡು ದೋಣಿಗಳು ಹೊರಬಂದವು. ಬಂಗಾರದ ಕಾಗದದ ಕಿರೀಟಗಳು ಬಿಸಿಲಿಗೆ ಮಿನುಗಿದವು. ಮಾಸ್ತರರು ಎದ್ದು ಮೌನಕ್ಕೆಂದು ಕೈ ಎತ್ತಿದರು. ಜನ ಎದ್ದು ನಿಂತರು.

ಕುಶಲಾ ಜನರನ್ನು ನೋಡಲಿಲ್ಲ. ದೋಣಿಗಳ ಹಿಂದೆ, ದೂರದಲ್ಲಿ, ನೀರು ಗೆರೆ ಎಳೆದಂತೆ ಕಪ್ಪಾಗಿತ್ತು. ಒಂದಲ್ಲ, ಮೂರು ಗೆರೆ. ದೋಣಿಗಳು ಈಗ ಬಂದರೆ ಆ ಅಲೆಗಳು ಮುಟ್ಟುವ ಮೊದಲೇ ದಡ ಸೇರಬಹುದು. ಶೇಖರನ ದೋಣಿಯಲ್ಲಿ ಹುಟ್ಟುಗಳು ಆಗಲೇ ಮೇಲೇಳುತ್ತಿದ್ದವು.

ಯಾವಾಗ ಎದ್ದಳೋ ಅವಳಿಗೇ ತಿಳಿಯದು. ಕುರ್ಚಿಗೆ ಹೊದಿಸಿದ್ದ ಬಿಳಿ ಬಟ್ಟೆ ಕೈಯಲ್ಲಿತ್ತು. ಆ ಮೌನದ ನಡುವೆ ಮರಳಿನಲ್ಲಿ ಓಡಿ, ಸೀರೆ ಸಮೇತ ಸೊಂಟದವರೆಗೆ ನೀರಿಗಿಳಿದು, ಬಟ್ಟೆಯನ್ನು ತಲೆಯ ಮೇಲೆ ಗಿರಗಿರನೆ ಬೀಸಿದಳು.

“ಬಾ ಶೇಖರಾ! ನಿಲ್ಲಬೇಡ, ಬಾ!”

ಕೂಗು ಕೇಳಿಸಿತೋ ಇಲ್ಲವೋ, ಬಟ್ಟೆ ಕಂಡಿತು. ಹುಟ್ಟುಗಳು ಒಮ್ಮೆಲೇ ನೀರಿಗೆ ಬಿದ್ದವು. ಮುಂದಿನದನ್ನು ನೋಡಿ ಹಿಂದಿನ ದೋಣಿಯೂ ನುಗ್ಗಿತು. ರಾಜ ಹೂಮಾಲೆ ಹಿಡಿದುಕೊಂಡೇ ಮುಗ್ಗರಿಸಿ ಮರಳಿಗೆ ಬಿದ್ದ. ಕೊನೆಯ ಸೈನಿಕ ಇಳಿಯುವಷ್ಟರಲ್ಲಿ ಹಿಂದೆ ಅಲೆಗಳು ಒಡೆದವು. ಮೂರನೆಯದು ಕುಶಲಾಳನ್ನೇ ಕೆಡವಿತು; ಶೇಖರ ಅವಳನ್ನು ರಟ್ಟೆ ಹಿಡಿದು ಎಳೆದು ತಂದ.

ಮಾಸ್ತರರ ಮುಖ ಕೆಂಪಾಗಿತ್ತು. “ಎಂತ ಮಾಡಿದಿರಿ ಕುಶಲಕ್ಕ! ಅವನ ಗೌರವಕ್ಕೆ ಇಟ್ಟ ಒಂದು ನಿಮಿಷ!”

ಅವಳು ಬಾಯಿಗೆ ಹೋದ ಉಪ್ಪುನೀರು ಉಗುಳಿದಳು. “ನಿಮ್ಮ ಮನಸ್ಸು ದೊಡ್ಡದು ಮಾಸ್ತರೇ. ಆದರೆ ಆ ಜಾಗ ಖಾಲಿ ಬಿಡುವಂಥದ್ದಲ್ಲ. ಖಾಲಿ ಬಿಡಬಾರದು ಅಂತಲೇ ಅವರು ಹದಿಮೂರು ವರ್ಷ ನಿಂತದ್ದು.”

ಮಾಸ್ತರರು ಕಡಲನ್ನು ನೋಡಿದರು. ಇನ್ನೊಂದು ಸಾಲು ಅಲೆಗಳು ಬರುತ್ತಿದ್ದವು. ಅವರು ಟೊಪ್ಪಿ ತೆಗೆದರು. ಒದ್ದೆ ಮರಳಿನ ಮೇಲೆಯೇ ಎಲ್ಲರೂ ಒಂದು ನಿಮಿಷ ನಿಂತರು.

ಆ ಅಲೆಗಳು ದೋಣಿಯನ್ನು ಮಗುಚಿಯೇ ಬಿಡುತ್ತಿದ್ದವೆಂದು ಆಣೆ ಹಾಕಿ ಹೇಳಬಲ್ಲವರಿಲ್ಲ. ಉಡುಪಿಯ ಅತಿಥಿಯೊಬ್ಬರು ಕಾರ್ಯಕ್ರಮ ಹಾಳಾಯಿತೆಂದೇ ಹೇಳಿಹೋದರಂತೆ. ಆ ಮಾತು ಕುಶಲಾಳನ್ನು ಬಹಳ ದಿನ ಕೊರೆಯಿತು. ತಾನೇ ಹೆದರಿ ಗಂಡನ ಮರ್ಯಾದೆ ಕೆಡಿಸಿದೆನೋ ಎಂದು. ಮರುವರ್ಷ ಎಪ್ರಿಲಿನಲ್ಲಿ ಮಾಸ್ತರರು ಮತ್ತೆ ಮನೆಗೆ ಬಂದರು. ಕೈಯಲ್ಲಿ ಕರಪತ್ರ ಇರಲಿಲ್ಲ.

“ಈ ಸಲ ನೀರಿನಲ್ಲಿ ಯಾರು ನಿಲ್ಲಬೇಕು, ನೀವೇ ಹೇಳಿ,” ಎಂದರು.

ಅವಳು ಶೇಖರನ ಹೆಸರು ಹೇಳಿದಳು. ಅಲೆ ಒಡೆಯುವಲ್ಲಿ ಇನ್ನು ತಮ್ಮ ನಿಲ್ಲಬೇಕಲ್ಲ ಎಂದು ಆ ದಿನದಿಂದಲೇ ಅವಳಿಗೆ ನಿದ್ದೆ ಹಾರಿತು.